ಬಿಸಿಲು ಹದ ಮಾಡಿದ ಹಿಮ

ಮಾರ್ಚ್ ಬಂತೆಂದರೆ ವಿಜಯಪುರದಲ್ಲಿ ಹೊತ್ತೇರುವ ಮೊದಲೇ ಬಿಸಿಲು ಚುರುಗುಟ್ಟುತ್ತದೆ. ತಿಕೋಟಾದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ; ಬಬಲೇಶ್ವರದ ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆದಿರುತ್ತದೆ. ಅದೇ ಸೂರ್ಯ ಆಗ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹಿಮವನ್ನು ಹದ ಮಾಡುತ್ತಿರುತ್ತಾನೆ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಇದು ಸೊಗಸಾದ ಕಾಲ.

ಒಂದೇ ದೇಶದಲ್ಲಿ ಇಷ್ಟು ಅಂತರವೇಕೆ? ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ; ಗುಲ್ಮಾರ್ಗ್ ಸುಮಾರು 2,650 ಮೀಟರ್. ಎತ್ತರವೊಂದರಿಂದಲೇ 13 ಡಿಗ್ರಿ ವ್ಯತ್ಯಾಸ! ಜೊತೆಗೆ ಅದು ಬಹುದೂರ ಉತ್ತರಕ್ಕಿದೆ.

ಕಾಳುಗಟ್ಟಿದ ಹಿಮ

ವಸಂತದಲ್ಲಿ ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಹಲವು ದಿನ ನಡೆದಾಗ ಸಣ್ಣ ಹರಳುಗಳು ಕರಗಿಹೋಗಿ, ಜೋಳದ ಕಾಳಿನಂಥ ದುಂಡನೆಯ ಹರಳುಗಳು ಉಳಿಯುತ್ತವೆ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಕಾರ್ನ್ ಸ್ನೋ’ ಎಂದೇ ಹೆಸರು.

ಬೆಳಗಿನ ಜಾವ ಇದು ಕಲ್ಲಿನಂತೆ ಗಟ್ಟಿ. ಬಿಸಿಲು ತಾಗಿದ ಮೇಲೆ ಮೇಲಿನ ಕೆಲವು ಸೆಂಟಿಮೀಟರ್ ಮಾತ್ರ ಸಡಿಲಗೊಂಡು, ಕಾಳುಗಳ ನಡುವೆ ನೀರಿನ ತೆಳುಪೊರೆ ಮೂಡುತ್ತದೆ. ಆಗ ಘರ್ಷಣೆ ತಗ್ಗಿ ಸ್ಕೀ ಸರಾಗವಾಗಿ ಜಾರುತ್ತದೆ. ಬಲ್ಲವರು ಬೆಳಿಗ್ಗೆ ಪೂರ್ವದ ಇಳಿಜಾರಿನಲ್ಲಿ ಆರಂಭಿಸಿ, ಸೂರ್ಯನ ಜೊತೆಗೇ ಇಳಿಜಾರು ಬದಲಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೀರು ಹೆಚ್ಚಿ ಹಿಮ ಸ್ಕೀಗೆ ಅಂಟತೊಡಗುತ್ತದೆ. ಕಡಿದಾದ ಕಡೆ ಹಿಮಕುಸಿತದ ಅಪಾಯವೂ ಉಂಟು. ಹೊತ್ತು ಮೀರುವ ಮೊದಲೇ ಇಳಿದು ಬರುವುದು ಜಾಣತನ.

ಹಿಮವಿಲ್ಲದ ನಾಡಿನಿಂದ

ಹಿಮ ಬೀಳದ ಕರ್ನಾಟಕಕ್ಕೂ ಈ ಕ್ರೀಡೆಗೂ ಏನು ಸಂಬಂಧ ಎನ್ನುವಂತಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟರು. ಹಿಮವಿಲ್ಲದ ಊರುಗಳಲ್ಲಿ ಸ್ಕೀ ಪಟುಗಳು ಗಾಲಿಯಿರುವ ‘ರೋಲರ್ ಸ್ಕೀ’ ಕಟ್ಟಿಕೊಂಡು ರಸ್ತೆಯಲ್ಲೇ ಅಭ್ಯಾಸ ಮಾಡುವುದುಂಟು. ಕಲಿಯುವ ಆಸೆಯಿದ್ದವರಿಗೆ ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ.

ಆದರೆ ಹಿಮವೇ ಕೈಕೊಟ್ಟರೆ? 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಬಹುಕಾಲ ಬೋಳಾಗಿದ್ದವು. 2025ರಲ್ಲಿ ಹಿಮ ಸಾಲದೆ ಫೆಬ್ರುವರಿಯ ಕ್ರೀಡಾಕೂಟವನ್ನು ಮಾರ್ಚ್ 9ಕ್ಕೆ ಮುಂದೂಡಬೇಕಾಯಿತು. ಚಳಿಗಾಲದಲ್ಲಿ ಹಿಮ ಬಿದ್ದರೆ ತಾನೇ ವಸಂತದ ಬಿಸಿಲಿಗೆ ಹದ ಮಾಡಲು ಏನಾದರೂ ಸಿಕ್ಕೀತು! ಭೂಮಿಯ ಬಿಸಿ ಏರದಂತೆ ನೋಡಿಕೊಳ್ಳುವ ಹೊಣೆ ಬೆಟ್ಟದವರದಷ್ಟೇ ಅಲ್ಲ, ಬಯಲುಸೀಮೆಯವರದೂ ಹೌದು.