ಎಂಟು ಸಾವಿರ ಕೊಳವೆಗಳ ಗೂಡು

1888ರ ಆಗಸ್ಟ್. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಬರ್ಥಾ ಬೆಂಜ್, ಗಂಡನಿಗೆ ತಿಳಿಸದೆ, ಅವನು ಕಟ್ಟಿದ ಮೂರು ಗಾಲಿಯ ಕಾರನ್ನು ಹೊರತೆಗೆದಳು. ಇಬ್ಬರು ಗಂಡುಮಕ್ಕಳನ್ನು ಹತ್ತಿಸಿಕೊಂಡು ತವರೂರು ಫೋರ್ಟ್ಸ್‌ಹೈಮ್‌ನ ದಾರಿ ಹಿಡಿದಳು. ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಹೆಚ್ಚುಕಡಿಮೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ಬಂದಷ್ಟು. ಇಂಧನವೇನೋ ವೀಸ್ಲೋಖ್‌ನ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಎಂಜಿನ್ನಿನ ದಾಹ ಮಾತ್ರ ತೀರಲಿಲ್ಲ. ಸಿಲಿಂಡರನ್ನು ತಂಪಿಡಬೇಕಾದ ನೀರು ಕುದಿಕುದಿದು ಆವಿಯಾಗಿ ಹೋಗುತ್ತಿತ್ತು. ನೀರು ಕಂಡಲ್ಲೆಲ್ಲ ನಿಲ್ಲಿಸಿ ತುಂಬಿಕೊಂಡು, ಕತ್ತಲಾಗುವ ಹೊತ್ತಿಗೆ ಮೂವರೂ ಊರು ಮುಟ್ಟಿದರು. ಕಾರು ದೂರ ಓಡಬಲ್ಲದೆಂದು ಲೋಕಕ್ಕೆ ಗೊತ್ತಾಯಿತು. ಅದರ ಬಿಸಿಯನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಆ ಪ್ರಶ್ನೆಯ ಬೆನ್ನು ಬಿದ್ದವನು ವಿಲ್ಹೆಲ್ಮ್ ಮೈಬಾಖ್. ಹತ್ತನೇ ವಯಸ್ಸಿಗೆ ತಂದೆತಾಯಿಯನ್ನು ಕಳೆದುಕೊಂಡು ಅನಾಥಾಶ್ರಮದಲ್ಲಿ ಬೆಳೆದವ, ಅಲ್ಲಿನ ಕಾರ್ಯಾಗಾರದಲ್ಲೇ ಎಂಜಿನಿಯರ್ ಡೈಮ್ಲರ್‌ನ ಕಣ್ಣಿಗೆ ಬಿದ್ದವ. 1889ರಲ್ಲಿ ಅವನು ಕಾರಿನ ಚೌಕಟ್ಟಿನ ಕೊಳವೆಗಳಲ್ಲೇ ನೀರು ಹರಿಸಿದ. ಪುಟ್ಟ ಎಂಜಿನ್ನಿಗೆ ಸಾಕಾಯಿತು, ದೊಡ್ಡದಕ್ಕೆ ಸಾಲಲಿಲ್ಲ. ತಿರುಗುವ ಫ್ಲೈವೀಲ್‌ಗೆ ನೀರುಣಿಸಿ ನೋಡಿದ, ಅದೂ ಸಾಲಲಿಲ್ಲ. 1897ರಲ್ಲಿ ನೀರಿನ ತೊಟ್ಟಿಯೊಳಗಿಂದ ದುಂಡು ಕೊಳವೆಗಳನ್ನು ಹಾಯಿಸಿ, ಅವುಗಳಲ್ಲಿ ಗಾಳಿ ಬಿಟ್ಟ. ಗುಟ್ಟು ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಆದರೂ ಕಾರು 18 ಲೀಟರ್ ನೀರು ಹೊರಬೇಕಿತ್ತು.

1900ರ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡ. ತಿಂಗಳ ಕೊನೆಗೆ ಫ್ರಾನ್ಸಿನ ನೀಸ್ ಬಳಿಯ ಬೆಟ್ಟದ ಸ್ಪರ್ಧೆಯಲ್ಲಿ ಅವನ ಕಂಪನಿಯ ಭಾರದ ಕಾರು ಬಂಡೆಗೆ ಅಪ್ಪಳಿಸಿ, ಕಾರ್ಖಾನೆಯ ಮೇಸ್ತ್ರಿ ವಿಲ್ಹೆಲ್ಮ್ ಬಾವರ್ ಸತ್ತ. ಸ್ಪರ್ಧೆಯ ಸಹವಾಸವೇ ಬೇಡವೆಂದವರ ನಡುವೆ ವ್ಯಾಪಾರಿ ಯೆಲ್ಲಿನೆಕ್ ಒಬ್ಬನೇ ಪಟ್ಟು ಹಿಡಿದ: ಹಗುರವಾದ, ತಗ್ಗಾದ, ಬಲವಾದ ಕಾರು ಬೇಕು.

ಈಗ ಒಂದೊಂದು ಲೀಟರ್ ನೀರೂ ಹೊರೆಯೇ. ಮೈಬಾಖ್ ದುಂಡು ಕೊಳವೆ ಬಿಟ್ಟು ಚೌಕ ಕೊಳವೆ ಹಿಡಿದ. 6 ಮಿಲಿಮೀಟರ್ ಚೌಕದ 8,070 ಕೊಳವೆಗಳನ್ನು ಜೇನುಗೂಡಿನಂತೆ ಒತ್ತೊತ್ತಾಗಿ ಬೆಸೆದ. ಸಂದಿಗಳು ಕಿರಿದಾದವು, ನೀರು ತೆಳುವಾಗಿ ಹರಿದು ಬೇಗ ಆರಿತು. ಹಿಂದೊಂದು ಫ್ಯಾನ್ ಕೂರಿಸಿದ. 9 ಲೀಟರ್ ಸಾಕಾಯಿತು! ಯೆಲ್ಲಿನೆಕ್‌ನ ಮಗಳು ಮರ್ಸಿಡಿಸ್‌ಳ ಹೆಸರು ಹೊತ್ತ ಆ ಕಾರು 1901ರ ಮಾರ್ಚ್‌ನಲ್ಲಿ ಅದೇ ನೀಸ್‌ನಲ್ಲಿ ಎಲ್ಲರನ್ನೂ ಹಿಂದೆ ಹಾಕಿತು.

ಇಂದಿನ ಕಾರಿನ ರೇಡಿಯೇಟರಿಗೂ ಸೂತ್ರ ಅದೇ. ಇಂಧನದ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ನೀರಿನ ಮೂಲಕ ಗಾಳಿಗೆ ಸೇರಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಅದಿರಿನ ಕೆಂಧೂಳೋ, ಕುರುಗೋಡು, ಸಿರುಗುಪ್ಪದ ಕಡೆಯ ಭತ್ತದ ಹೊಟ್ಟೋ ರೇಡಿಯೇಟರಿನ ಸಂದಿಗೆ ಕೂತರೆ, ಫ್ಯಾನ್ ನಿಂತರೆ, ಗಾಳಿ ಹಾಯುವುದಿಲ್ಲ. ಕೂಲೆಂಟ್ ಸೋರಿದರೆ, ಪಂಪು ಸೋತರೆ, ಥರ್ಮೋಸ್ಟಾಟ್ ತೆರೆಯದಿದ್ದರೆ, ಬೋರ್‌ವೆಲ್ಲಿನ ಗಡಸು ನೀರು ಒಳಗೆ ಸುಣ್ಣ ಕಟ್ಟಿದರೆ ನೀರು ಹರಿಯುವುದಿಲ್ಲ. ಹಾಗೆ ಕುದಿದ ಕಾರಿನ ರೇಡಿಯೇಟರ್ ಮುಚ್ಚಳವನ್ನು ಬಿಸಿ ಆರುವ ಮುನ್ನ ತೆಗೆಯಲೇಬಾರದು. ಒತ್ತಡದಲ್ಲಿರುವ ಆ ನೀರು 100 ಡಿಗ್ರಿಗಿಂತಲೂ ಬಿಸಿಯಾಗಿರುತ್ತದೆ.