ಅಡಿಕೆಯ ಮೂಟೆಗೆ ಅಡ್ಡಬಂದ ಗಡಿ

ಮಂಗಳೂರಿನ ದೇರೆಬೈಲಿಗೆ ಸಮೀಪದಲ್ಲೇ ಹಾದುಹೋಗುವ ಹೆದ್ದಾರಿ, ನೇತ್ರಾವತಿಯನ್ನು ದಾಟಿ, ತಲಪಾಡಿಯಲ್ಲಿ ಕೇರಳವನ್ನು ಹೊಗುತ್ತದೆ. 1956ರ ಅಕ್ಟೋಬರ್ ಕೊನೆಯವರೆಗೆ ಅಲ್ಲಿ ರಾಜ್ಯದ ಗಡಿಯೆಂಬುದೇ ಇರಲಿಲ್ಲ. ಮಂಗಳೂರು, ಕಾಸರಗೋಡು ಎರಡೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನವೆಂಬರ್ 1ರಂದು ಮಂಗಳೂರು ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಸಂದವು.

ಮಂಜೇಶ್ವರದ ಕೃಷಿಕನ ತೋಟ ಕದಲಲಿಲ್ಲ. ಅವನ ಅಡಿಕೆಯನ್ನು ಕೊಳ್ಳುವ ಮಂಗಳೂರಿನ ಮಂಡಿಯೂ ಕದಲಲಿಲ್ಲ. ಆದರೆ ನಡುವಣ ವ್ಯವಹಾರ ಅಂತರರಾಜ್ಯ ವ್ಯಾಪಾರವೆನಿಸಿತು. ಕೇಂದ್ರ ಮಾರಾಟ ತೆರಿಗೆ ಬಂದಿತು, ಕಾಗದಪತ್ರಗಳು ಬೆಳೆದವು, ತನಿಖಾ ಠಾಣೆಯ ಮುಂದೆ ಲಾರಿಗಳು ಕಾದು ನಿಂತವು. 2020ರಲ್ಲಿ ಐರೋಪ್ಯ ಒಕ್ಕೂಟವನ್ನು ತೊರೆದ ಬ್ರಿಟನ್ನಿನ ವರ್ತಕರು ಮರುವರ್ಷದಿಂದ ಸುಂಕದ ಕಟ್ಟೆಗಳಲ್ಲಿ ಕಂಡ ಪಾಡೂ ಇಂಥದೇ. ಅವರ ದೇಶವಾದರೋ ಮತ ಹಾಕಿ ಹೊರಬಂದಿತು. ಕಾಸರಗೋಡಿನ ಬೆಳೆಗಾರನ ಮತವನ್ನು ಕೇಳಿದವರಾರು?

1970ರ ಆಚೀಚೆ ಅಡಿಕೆಯ ಧಾರಣೆ ಕುಸಿದು ತೋಟದ ಮನೆಗಳು ಕಂಗಾಲಾದವು. ಆಗ ಎರಡೂ ರಾಜ್ಯಗಳ ಬೆಳೆಗಾರರು ಒಂದಾದರು. 1973ರಲ್ಲಿ ಮಂಗಳೂರಿನಲ್ಲಿ ‘ಕ್ಯಾಂಪ್ಕೊ’ ಸಹಕಾರ ಸಂಸ್ಥೆ ಹುಟ್ಟಿತು. ಗಡಿಯ ಈಚಿನ ಅಡಿಕೆಯನ್ನೂ ಆಚಿನ ಅಡಿಕೆಯನ್ನೂ ಅದೇ ಕೊಳ್ಳತೊಡಗಿತು. ಸರಕಾರಗಳು ಬೇರ್ಪಡಿಸಿದ್ದನ್ನು ತಕ್ಕಡಿ ಮತ್ತೆ ಕೂಡಿಸಿತೆನ್ನಬೇಕು.

2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ಮಾರಾಟ ತೆರಿಗೆಯ ಠಾಣೆಗಳು ಮುಚ್ಚಿದವು. ಗಡಿ ಅಳಿಯಿತೆಂದೇ ಜನ ಬಗೆದರು. ಆದರೆ 2020ರ ಮಾರ್ಚ್‌ನಲ್ಲಿ, ಕೋವಿಡ್ ಭಯದಿಂದ, ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಅಡಿಕೆಯ ಮೂಟೆಗಳಿರಲಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳೂ ತಲಪಾಡಿಯಿಂದ ಹಿಂದಿರುಗಬೇಕಾಯಿತು.