ಬಿಗಿದ ನಳಕ್ಕೆ ಬಲವೇಕೆ?

ಕೃಷ್ಣಾ ತೀರದ ತಂಗಡಗಿಯಿಂದ ತಾಳಿಕೋಟೆಯತ್ತ ಸಾಗಿದರೆ ಸುಣ್ಣಕಲ್ಲಿನ ಸೀಮೆ. ಅಂತಹ ನೆಲದ ಬಾವಿನೀರು ಗಡಸು. ಅದರ ಸುಣ್ಣವು ನಳದ ತಿರುಪಿನ ಸುತ್ತುಗಳಲ್ಲಿ ಬಿಳಿಯ ಪದರವಾಗಿ ಕುಳಿತು ಹಿತ್ತಾಳೆಯ ನಟ್ಟನ್ನು ಬೆಸೆದಂತೆ ಬಿಗಿದುಬಿಡುವುದು. ವಾಷರು ಸವೆದು ನೀರು ತೊಟ್ಟಿಕ್ಕತೊಡಗಿದಾಗ ಯಜಮಾನರು ಪಾನ ಹಿಡಿದು ಬಲಪ್ರಯೋಗಕ್ಕೆ ಹೊರಡುವುದುಂಟು. ಆಗ ತಿರುಗುವುದು ನಟ್ಟಲ್ಲ, ಗೋಡೆಯೊಳಗಿನ ಕೊಳವೆ! ಅದು ಬಿರಿದರೆ ಗೋಡೆಯನ್ನೇ ಒಡೆಯಬೇಕಾದೀತು.

ಮೊದಲು ನೀರಿನ ಹರಿವನ್ನು ಮೂಲದಲ್ಲೇ ನಿಲ್ಲಿಸಬೇಕು. ನಿಂಬೆರಸದಲ್ಲಿ ನೆನೆಸಿದ ಅರಿವೆಯನ್ನು ನಟ್ಟಿಗೆ ಸುತ್ತಿ 1 ಗಂಟೆ ಬಿಟ್ಟರೆ ಆಮ್ಲವು ಸುಣ್ಣವನ್ನು ಕರಗಿಸತೊಡಗುವುದು. ಬಳಿಕ ತೊಳೆದು, ಒಂದು ಪಾನದಿಂದ ನಳದ ಒಡಲನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊಂಚಕೊಂಚವಾಗಿ ಆಡಿಸಬೇಕು. ಸಡಿಲದಿದ್ದರೆ ಮತ್ತೊಮ್ಮೆ ನಿಂಬೆರಸ. ಎರಡು ನಿಂಬೆಹಣ್ಣಿನ ವೆಚ್ಚದಲ್ಲಿ ಗೋಡೆಯೊಂದು ಉಳಿದರೆ ಅದೇನು ಸಣ್ಣ ಲಾಭವೇ?